ಬಿಳಿ ಟೋಪಿಯವನು ನಾನು

ಉರಯಾಸು
ಏಪ್ರಿಲ್ 14, 2024

ಅತ್ತೆಯವರಿಗೆ ಮಧುಕರನ ನಮಸ್ಕಾರ.

ಅಳಿಯನಿಂದ ಕಾಗದ ಬಂದಿದೆ ಎಂದರೆ ಏನೋ ಎಡವಟ್ಟಾಗಿದೆ ಎಂದು ನೀವು ಗಾಬರಿಯಾಗಬಹುದು. ಅಪರ್ಣಾ ಚೆನ್ನಾಗಿದ್ದಾಳೆ, ನಾನೂ ಚೆನ್ನಾಗಿದ್ದೇನೆ, ಕೆಲಸವೂ ಉಳಿದಿದೆ. ಎಡವಟ್ಟಾಗಿರುವುದು ನನ್ನ ಫೋರ್‌ಹ್ಯಾಂಡ್.

ಹೌದು ಅತ್ತೆ, ನಲವತ್ತಮೂರನೇ ವಯಸ್ಸಿನಲ್ಲಿ ಟೆನಿಸ್ ಕಲಿಯುತ್ತಿದ್ದೇನೆ. ನಮ್ಮ ಬಡಾವಣೆಯಲ್ಲಿ ನಿವೃತ್ತರೇ ಹೆಚ್ಚಾಗಿರುವ ಒಂದು ಸಣ್ಣ ಕ್ಲಬ್ಬಿದೆ. ಶನಿವಾರ ಬೆಳಿಗ್ಗೆ ಅಲ್ಲಿಗೆ ಹೋಗುತ್ತೇನೆ. ಸಮುದ್ರದ ದಂಡೆಯಲ್ಲಿ ವಾಕಿಂಗ್ ಮಾಡುತ್ತೇನೆಂದು ಅಪರ್ಣಾ ನಂಬಿದ್ದಾಳೆ.

ತೊಂದರೆ ಏನೆಂದರೆ ಈ ಜಪಾನಿನಲ್ಲಿ ನನ್ನ ತಪ್ಪನ್ನು ಯಾರೂ ಹೇಳುವುದಿಲ್ಲ. ಚೆಂಡು ಗೆರೆಯೊಳಗೆ ಬಿದ್ದರೆ 'ನೈಸು!' ನೆಟ್ಟಿಗೆ ಬಿದ್ದರೆ 'ಓಶೀ', ಅಂದರೆ ಸ್ವಲ್ಪದರಲ್ಲಿ ತಪ್ಪಿತು. ಬೇಲಿ ಹಾರಿ ಪಕ್ಕದ ಶಿಶುವಿಹಾರದೊಳಗೆ ಬಿದ್ದರೆ 'ಡೊನ್‌ಮಾಯಿ', ಚಿಂತೆ ಮಾಡಬೇಡಿ. ನನ್ನ ಪಾಲಿಗೆ ಬರುವುದು ಹೆಚ್ಚಾಗಿ ಡೊನ್‌ಮಾಯಿ. ನಮ್ಮ ಕಾರ್ಯದರ್ಶಿ ಒಗಾವಾ ಸಾನ್ ಅವರನ್ನು 'ನನ್ನ ತಪ್ಪೇನು, ದಯವಿಟ್ಟು ಹೇಳಿ' ಎಂದು ಬೇಡಿಕೊಂಡೆ. ಅವರು ಬಹಳ ಹೊತ್ತು ಯೋಚಿಸಿ, ನನ್ನ ಶೂ ಚೆನ್ನಾಗಿದೆ ಎಂದರು.

ಮೂವತ್ತು ವರ್ಷ ಕಾಲೇಜಿನಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದು ರಾಜ್ಯದ ಟೆನಿಸ್ ತಂಡಕ್ಕೆ ಆಟಗಾರರನ್ನು ಕೊಟ್ಟವರು ನೀವು. ಅದಕ್ಕೇ ನಿಮ್ಮ ಮೊರೆ ಹೊಕ್ಕಿದ್ದೇನೆ. ನನ್ನ ಆಟದ ವಿಡಿಯೋ ಫೋನಿಗೆ ಕಳಿಸುತ್ತೇನೆ, ನೋಡಿ ಕಂಡ ತಪ್ಪನ್ನೆಲ್ಲ ಹೇಳಿ. ಉತ್ತರ ಮಾತ್ರ ಫೋನಿಗೆ ಬೇಡ. ಅಪರ್ಣಾ ನನ್ನ ಫೋನಿನಲ್ಲೇ ಅಡುಗೆ ವಿಡಿಯೋ ನೋಡುವುದು. ಆಫೀಸಿನ ವಿಳಾಸಕ್ಕೆ ಕಾಗದ ಬರೆಯಿರಿ.

ಯಾಕೆ ಈ ಗುಟ್ಟು ಎಂದು ಕೇಳುತ್ತೀರಿ. ಹೇಳಿಬಿಡುತ್ತೇನೆ. ಇಲ್ಲಿಗೆ ಬಂದಮೇಲೆ ನಮ್ಮಿಬ್ಬರ ಮಾತೆಲ್ಲ ಕಸದ್ದಾಗಿದೆ. ಇವತ್ತು ಸುಡುವ ಕಸವೋ, ಪ್ಲಾಸ್ಟಿಕ್ಕೋ, ಬಾಟಲಿಯೋ, ಅಷ್ಟೇ. ಜಗಳವಿಲ್ಲ. ಜಗಳವಾಡುವಷ್ಟು ಮಾತೇ ಇಲ್ಲ. ಟಿವಿಯಲ್ಲಿ ಟೆನಿಸ್ ಬಂದರೆ ಅವಳು ಚಾನೆಲ್ ಬದಲಿಸುತ್ತಾಳೆ, ಆದರೆ ಆ ಪಾಯಿಂಟ್ ಮುಗಿಯುವವರೆಗೆ ಕಾದು ಬದಲಿಸುತ್ತಾಳೆ. ಅದನ್ನು ಗಮನಿಸಿದ ದಿನವೇ ಕ್ಲಬ್ ಸೇರಿದೆ. ನವೆಂಬರಿನಲ್ಲಿ ಕ್ಲಬ್ಬಿನವರು ಗಂಡ ಹೆಂಡತಿಯರ ಡಬಲ್ಸ್ ಪಂದ್ಯ ಇಡುತ್ತಾರೆ. ಅದರಲ್ಲಿ ಅವಳ ಜೊತೆ ಆಡಬೇಕೆಂದು ನನಗೆ ಆಸೆ. ಈಗಿರುವ ಹಾಗೇ ಹೋಗಿ ಪಕ್ಕದಲ್ಲಿ ನಿಂತರೆ ಅವಳು ರೈಲು ಹತ್ತಿ ನರಿತಾ ವಿಮಾನ ನಿಲ್ದಾಣಕ್ಕೆ ಹೋಗಿಬಿಡುತ್ತಾಳೆ.

ಇನ್ನೊಂದು ವಿಷಯ. ಇಲ್ಲಿ ಒಬ್ಬರ ಮುಖವನ್ನು ವಿಡಿಯೋದಲ್ಲಿ ಹೊರಗೆ ಕಳಿಸುವುದು ಮರ್ಯಾದೆಯಲ್ಲ. ಕ್ಲಬ್ಬಿನ ಯಾವ ವಿಡಿಯೋ ಆದರೂ ಒಗಾವಾ ಸಾನ್ ಸದ್ದು ತೆಗೆದು, ಎಲ್ಲರ ಮುಖಕ್ಕೂ ಪಾಂಡಾ ಚಿತ್ರ ಅಂಟಿಸಿಯೇ ಕೊಡುವುದು. ಅಂಗಳದಲ್ಲಿ ಎರಡು ಪಾಂಡಾ ಕಂಡರೆ ಹೆದರಬೇಡಿ. ಬಿಳಿ ಟೋಪಿಯವನು ನಾನು.

ಬೈಸಿಕೊಳ್ಳಲು ಸಿದ್ಧನಾಗಿರುವ
ಮಧುಕರ್

*

ಸರಸ್ವತಿಪುರಂ, ಮೈಸೂರು
ಮೇ 6, 2024

ಮಧುಕರ್ ಅವರಿಗೆ ಅತ್ತೆ ಮಾವನ ಆಶೀರ್ವಾದ.

ನಿಮ್ಮ ಕಾಗದ ಬಂತು, ವಿಡಿಯೋ ಕೂಡ ಬಂತು. ನೋಡಿ ಬಹಳ ಸಂತೋಷವಾಯಿತು. ತುಂಬ ಚೆನ್ನಾಗಿ ಆಡುತ್ತಿದ್ದೀರಿ. ಹೀಗೇ ಆಡಿ.

ಇಷ್ಟೇನಾ ಅನ್ನಬೇಡಿ. ನೀವು ನಮ್ಮ ಮನೆಯ ಅಳಿಯಂದಿರು. ಅಳಿಯಂದಿರಿಗೆ ಹೋಳಿಗೆ ಬಡಿಸಬಹುದು, ಬೈಗುಳ ಬಡಿಸಲಾಗುವುದಿಲ್ಲ. ಅದಲ್ಲದೆ ಇನ್ನೊಂದು ಕಾರಣವೂ ಇದೆ. ನಮ್ಮ ಅಪ್ಪಿ ನಿಮಗೆ ಹೇಳಿದ್ದಾಳೋ ಇಲ್ಲವೋ. ಅವಳಿಗೆ ಹದಿನೇಳಾಗಿದ್ದಾಗ ಬೆಂಗಳೂರಿನಲ್ಲಿ ಒಂದು ಫೈನಲ್ ಸೋತಳು. ಮಾರನೆಯ ಬೆಳಿಗ್ಗೆ ಅಭ್ಯಾಸಕ್ಕೆ ಬಂದವಳು ರ‍್ಯಾಕೆಟ್ಟನ್ನು ನೆಲಕ್ಕೆ ಬಿಸಾಡಿ, 'ನಾನು ನಿನ್ನ ಪ್ಲೇಯರ್ ಅಲ್ಲ, ಮಗಳು' ಎಂದು ಹೇಳಿ ನಡೆದುಕೊಂಡೇ ಮನೆಗೆ ಹೋದಳು. ಅಲ್ಲಿಂದ ಇಲ್ಲಿಯವರೆಗೆ ನಮ್ಮಿಬ್ಬರ ನಡುವೆ ಟೆನಿಸ್ ಎಂಬ ಮಾತು ಬಂದಿಲ್ಲ. ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ಉಪ್ಪಿನಕಾಯಿ, ಮಳೆ, ಮಂಡಿನೋವು, ಇಷ್ಟು ಮಾತಾಡಿ ಇಡುತ್ತೇವೆ. ಮನೆಯವರ ಆಟವನ್ನು ತಿದ್ದುವುದಿಲ್ಲ ಎಂದು ಅವತ್ತೇ ನಿರ್ಧರಿಸಿದೆ. ನನ್ನ ಮಗಳು ಮತ್ತೆ ಆ ಅಂಗಳಕ್ಕೆ ಇಳಿಯಲಿ ಎಂದು ನನಗೆ ಎಷ್ಟು ಆಸೆಯಿದೆ ಎಂದು ಬರೆದು ತಿಳಿಸಲಾರೆ. ಆದರೆ ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡಿದ್ದೇನೆ.

ಸುಮ್ಮನೆ ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ. ನಿಮ್ಮ ಬ್ಯಾಕ್‌ಹ್ಯಾಂಡ್ ನಿಜಕ್ಕೂ ಲಕ್ಷಣವಾಗಿದೆ. ಮೂರು ವರ್ಷದ ಹಿಂದೆ ಇಲ್ಲಿಗೆ ಬಂದಾಗ ನೋಡಿದ್ದಕ್ಕಿಂತ ಎಷ್ಟು ಸಣ್ಣಗಾಗಿದ್ದೀರಿ! ಜಪಾನಿನ ಊಟ ನಿಮಗೆ ಹಿಡಿಸಿದೆ. ನಿಮ್ಮ ಮಾವನಿಗೂ ತೋರಿಸಿದೆ.

ಅದಿರಲಿ, ಎದುರಿಗೆ ನೀಲಿ ಟೋಪಿ ಹಾಕಿಕೊಂಡಿದ್ದಾರಲ್ಲ, ಅವರು ಯಾರು? ನೀವು ಹೇಳಿದ ಒಗಾವಾ ಅವರೇ? ಅವರು ನಮ್ಮ ಮನೆಯವರಲ್ಲ, ಅದಕ್ಕೇ ಧಾರಾಳವಾಗಿ ಹೇಳುತ್ತೇನೆ. ರ‍್ಯಾಕೆಟ್ ಹಿಡಿದಿರುವುದು ದೋಸೆ ಮಗುಚುವವರ ಹಾಗೆ. ಚೆಂಡು ಬಂದಾಗ ಮೊದಲು ಹೊಟ್ಟೆ ಹೊರಡುತ್ತದೆ, ಆಮೇಲೆ ಕಾಲು. ಕೈ ಹೊರಡುವ ಹೊತ್ತಿಗೆ ಚೆಂಡು ಬೇಲಿ ಸೇರಿರುತ್ತದೆ. ಅಪ್ಪಿತಪ್ಪಿ ಒಂದು ತಗುಲಿದರೆ ತಾವೇ ಬೆರಗಾಗಿ ನಿಂತು ನೋಡುತ್ತಾರೆ, ವಾಪಸು ಬರುತ್ತದೆ ಎನ್ನುವುದನ್ನೇ ಮರೆಯುತ್ತಾರೆ. ಅರವತ್ತೈದಾದರೂ ದಾಟಿರಬೇಕು, ಪಾಪ. ರ‍್ಯಾಕೆಟ್ಟಿನ ಹಿಡಿಯನ್ನು ಕೈಕುಲುಕುವ ಹಾಗೆ ಹಿಡಿಯಲು ಹೇಳಿ. ಚೆಂಡು ನೆಟ್ ದಾಟುವ ಮುಂಚೆಯೇ ಭುಜ ತಿರುಗಿರಬೇಕು. ಈ ಎರಡು ಮಾಡಿದರೆ ಮನುಷ್ಯ ಸುಧಾರಿಸಬಹುದು.

ಇಷ್ಟು ಬರೆದದ್ದಕ್ಕೇ ಮೈ ಹಗುರವಾಯಿತು ನೋಡಿ.

ಆಶೀರ್ವದಿಸುವ
ವಿಶಾಲಾಕ್ಷಿ

*

ಮೇ 20, 2024
(ಇಮೇಲ್)

ಅವಿನಾಶ್,

ಕಾಶಿವಾದಲ್ಲಿ ನಿನ್ನ ಪ್ರಯೋಗಾಲಯ, ನಿನ್ನ ಇಲಿಗಳು ಎಲ್ಲ ಕ್ಷೇಮವೇ? ಇಲ್ಲಿ ನಿನ್ನ ಗೆಳೆಯನ ಮಾನ ಹೋಗಿದೆ. ಇದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ಹೊಟ್ಟೆಯ ವಿಷಯವೂ ಬಂದಿದೆ, ತಾಳು.

ಬಿಳಿ ಟೋಪಿಯವನು ನಾನು ಎಂದು ಅತ್ತೆಗೆ ಬರೆದು ಹಾಕಿದ್ದೆನಾ? ವಿಡಿಯೋ ತೆಗೆಯಬೇಕಾದ ಶನಿವಾರ ಬೆಳಿಗ್ಗೆ ಒಗಾವಾ ಸಾನ್ ಎರಡು ಕೈಯಲ್ಲಿ ಹಿಡಿದು ಬಗ್ಗಿ ಕ್ಲಬ್ಬಿನ ನೀಲಿ ಟೋಪಿಯನ್ನು ನನಗೆ ಉಡುಗೊರೆ ಕೊಟ್ಟರು. ಇಲ್ಲಿ ಉಡುಗೊರೆ ತೆಗೆದುಕೊಂಡು ಸುಮ್ಮನಿರುವ ಹಾಗಿಲ್ಲ, ನಿನಗೇ ಗೊತ್ತು. ಬ್ಯಾಗಿನಲ್ಲಿ ಒಂದು ಬಾಳೆಹಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ. ತಲೆಯ ಮೇಲಿದ್ದ ಹೊಸ ಬಿಳಿ ಟೋಪಿಯನ್ನೇ ತೆಗೆದು, ನಾನೂ ಎರಡು ಕೈಯಲ್ಲಿ ಹಿಡಿದು ಬಗ್ಗಿ ಕೊಟ್ಟೆ. ಅವರು ಗೌರವದಿಂದ ಅಲ್ಲೇ ಹಾಕಿಕೊಂಡರು. ನಾನೂ ನೀಲಿ ಹಾಕಿಕೊಂಡೆ. ಹಾಗೇ ಆಡಿದೆವು. ಅತ್ತೆಗೆ ಬರೆದದ್ದು ನೆನಪೇ ಆಗಲಿಲ್ಲ.

ಈಗ ಎಪ್ಪತ್ತೊಂದು ವರ್ಷದ ಒಗಾವಾ ಸಾನ್ ಅವರ ಬ್ಯಾಕ್‌ಹ್ಯಾಂಡ್ ನನ್ನದು ಎಂದು ಅತ್ತೆ ಹೊಗಳಿದ್ದಾರೆ. ಸಣ್ಣಗಾಗಿದ್ದೀರಿ ಎಂದಿದ್ದಾರೆ. ನೀಲಿ ಟೋಪಿಯವನ ವಯಸ್ಸು ಅರವತ್ತೈದು ದಾಟಿರಬೇಕು, ಪಾಪ ಎಂದಿದ್ದಾರೆ. ಓದಿ ಆಫೀಸಿನ ಟಾಯ್ಲೆಟ್ಟಿನಲ್ಲಿ ಸ್ವಲ್ಪ ಹೊತ್ತು ಒಬ್ಬನೇ ಕೂತಿದ್ದೆ.

ಆದರೆ ಕೇಳು. ಶನಿವಾರ ರ‍್ಯಾಕೆಟ್ಟಿಗೆ ಕೈಕುಲುಕಿದೆ, ಭುಜ ಬೇಗ ತಿರುಗಿಸಿದೆ. ಚೆಂಡು ನೆಟ್ ದಾಟಿತು ಕಣೋ! ಮತ್ತೆ ಮತ್ತೆ ದಾಟಿತು. ನಿಜ ಹೇಳಿದರೆ ಅತ್ತೆ ನಾಚಿಕೊಂಡು, ತುಂಬ ಚೆನ್ನಾಗಿದೆ, ಹೀಗೇ ಆಡಿ ಎಂದು ಬರೆಯಲು ಶುರುಮಾಡುತ್ತಾರೆ. ಆದ್ದರಿಂದ ಹೇಳುವುದಿಲ್ಲ. ನವೆಂಬರಿನವರೆಗೆ ಒಗಾವಾ ಸಾನ್ ಆಗಿಯೇ ಇರುತ್ತೇನೆ.

ಮಾನ ಬಿಟ್ಟ
ಮಧು

*

ಉರಯಾಸು
ಮೇ 21, 2024

ಅತ್ತೆಯವರ ಪಾದಗಳಿಗೆ ನಮಸ್ಕಾರ.

ನಿಮ್ಮ ಪ್ರೋತ್ಸಾಹದ ಮಾತಿಗೆ ಋಣಿ. ನೀಲಿ ಟೋಪಿಯವರಿಗೆ ನಿಮ್ಮ ಸಲಹೆ ತಲುಪಿದೆ. ಮೊದಲು ಸ್ವಲ್ಪ ಕುಗ್ಗಿದರು. ಆಮೇಲೆ ಪ್ರಯೋಗಿಸಿ ನೋಡಿ ಕುಣಿದಾಡಿದರು. ಇಷ್ಟು ವರ್ಷದಲ್ಲಿ ತಮಗೆ ಯಾರೂ ನಿಜ ಹೇಳಿರಲಿಲ್ಲವಂತೆ. ದಯವಿಟ್ಟು ಇನ್ನೂ ಹೇಳಬೇಕು, ದಾಕ್ಷಿಣ್ಯವೇ ಬೇಡ, ಎಷ್ಟು ಕಟುವಾದರೂ ಸರಿ ಎಂದು ತಲೆಬಾಗಿ ಕೇಳಿಕೊಂಡಿದ್ದಾರೆ. ಹೊಸ ವಿಡಿಯೋ ಕಳಿಸಿದ್ದೇನೆ. ನನ್ನ ಆಟ ಬಿಡಿ, ಅವರನ್ನೇ ಸರಿಯಾಗಿ ನೋಡಿ. ಅಂದಹಾಗೆ, ಅವರ ವಯಸ್ಸು ಅಷ್ಟೊಂದಿಲ್ಲ.

ಅವರ ಪರವಾಗಿ ಕೂಡ
ಮಧುಕರ್

*

ಮೈಸೂರು
ಜೂನ್ 12, 2024

ಮಧುಕರ್ ಅವರಿಗೆ,

ನಿಮ್ಮ ಆಟ ಎಂದಿನಂತೆ ಚೆನ್ನಾಗಿದೆ. ಈಗ ಒಗಾವಾ ಅವರ ವಿಷಯಕ್ಕೆ ಬರೋಣ.

ಹಿಡಿತ ಸರಿಹೋಗಿದೆ, ಭೇಷ್. ಆದರೆ ಮೊಣಕೈ! ಬಸ್ಸಿನಲ್ಲಿ ಪಕ್ಕದವರನ್ನು ತಿವಿಯುವ ಹಾಗೆ ಹೊರಗೆ ಚಾಚಿಕೊಂಡಿದೆ. ಕಂಕುಳಲ್ಲಿ ಒಂದು ಟವೆಲ್ ಮಡಚಿ ಇಟ್ಟುಕೊಂಡು ಆಡಲಿ. ಟವೆಲ್ ಬಿದ್ದರೆ ತಪ್ಪು. ನೆಟ್ಟಿನ ಹತ್ತಿರ ಬರುವುದನ್ನಂತೂ ನೋಡಲಾಗುವುದಿಲ್ಲ, ಎಮ್ಮೆ ಕೆರೆಯಿಂದ ಎದ್ದು ಬರುವ ಹಾಗೆ ಬರುತ್ತಾರೆ. ಬರುವುದಾದರೆ ಬರಬೇಕು, ಇಲ್ಲವಾದರೆ ಹಿಂದೆ ನಿಲ್ಲಬೇಕು. ಅರ್ಧದಲ್ಲಿ ನಿಂತು ಆಕಾಶ ನೋಡುವುದಕ್ಕೆ ಅದೇನು ಬಾಲ್ಕನಿಯೇ?

ಅವರ ದೊಡ್ಡ ತೊಂದರೆ ಹೊತ್ತು ತಿಳಿಯದಿರುವುದು. ಅದಕ್ಕೊಂದು ಮದ್ದಿದೆ. ಚೆಂಡು ಎದುರಿನವರ ರ‍್ಯಾಕೆಟ್ ಬಿಟ್ಟಾಗ 'ಬಂತು' ಎನ್ನಬೇಕು. ನೆಲಕ್ಕೆ ಬಿದ್ದಾಗ 'ಪುಟೀತು'. ಆಮೇಲೆ 'ಹೊಡಿ'. ಬಂತು, ಪುಟೀತು, ಹೊಡಿ. ಬಾಯಿಬಿಟ್ಟು ಹೇಳಬೇಕು, ಮನಸ್ಸಿನಲ್ಲಿ ಅಲ್ಲ. ನನ್ನ ಕೈಯಲ್ಲಿ ಕಲಿತವರೆಲ್ಲ ಹೀಗೆ ಹೇಳಿಯೇ ಕಲಿತದ್ದು. ಅಪ್ಪಿ ನಾಲ್ಕು ವರ್ಷದವಳಿದ್ದಾಗ ನಿದ್ದೆಯಲ್ಲೂ ಹೇಳುತ್ತಿದ್ದಳು. ನೀವೇ ಇದನ್ನು ಜಪಾನಿಯಲ್ಲಿ ಹೇಳಿಕೊಡಿ.

ಮಧುಕರ್, ನಿಮಗೆ ತಮಾಷೆ ಎನಿಸಬಹುದು, ಈಗ ನಾನು ಕಾಫಿ ಲೋಟ ಹಿಡಿದು ಆ ಪಾಂಡಾವನ್ನು ನೋಡಲೆಂದೇ ಬೇಗ ಏಳುತ್ತೇನೆ. ನೋಡಿ ಕೂಗಾಡುತ್ತೇನೆ. ನಿಮ್ಮ ಮಾವ ಒಳಗಿಂದ, 'ಏನೇ, ಹಳೇ ವಿಶಾಲೂ ವಾಪಸ್ ಬಂದ್ಲು' ಎಂದರು. ಮುಖ ಕಾಣದ, ಊರು ಗೊತ್ತಿಲ್ಲದ ಒಬ್ಬ ಮನುಷ್ಯ ನನ್ನ ಬೈಗುಳ ತಿಂದು ಮತ್ತೆ ಮುಂದಿನ ವಾರ ಆಡಲು ಬರುತ್ತಾನಲ್ಲ, ಅದನ್ನು ನೋಡಿದರೆ ನನಗೆ ಸಂತೋಷವಾಗುತ್ತದೆ. ಅವರಿಗೆ ನನ್ನ ನಮಸ್ಕಾರ ಹೇಳಿ. ಹೊಟ್ಟೆ ಸ್ವಲ್ಪ ಇಳಿಸಲಿ.

ಟವೆಲ್ ಮರೆಯಬೇಡಿ.
ವಿಶಾಲಾಕ್ಷಿ

*

ಉರಯಾಸು
ಆಗಸ್ಟ್ 3, 2024

ಅತ್ತೆಯವರಿಗೆ ನಮಸ್ಕಾರ.

ಜೂನಿಡೀ ಜಿಟಿಜಿಟಿ ಮಳೆ, ಈಗ ಇಡ್ಲಿಪಾತ್ರೆಯೊಳಗೆ ಕೂತ ಹಾಗೆ ಸೆಕೆ. ಆದರೂ ನಿಮ್ಮ ಶಿಷ್ಯರು ಒಂದು ಶನಿವಾರವೂ ತಪ್ಪಿಸಿಲ್ಲ. ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಕೊಡೆ ಹಿಡಿದು ಫೋರ್‌ಹ್ಯಾಂಡ್ ಅಭ್ಯಾಸ ಮಾಡುತ್ತಾರೆ. ಕೊಡೆಯಿಂದಲೇ ಗಾಲ್ಫ್ ಅಭ್ಯಾಸ ಮಾಡುವವರಿಗೆ ಒಗ್ಗಿಹೋಗಿರುವ ಜನ ಇವರನ್ನು ಕಂಡು ಸ್ವಲ್ಪ ಹೆಚ್ಚೇ ಜಾಗ ಬಿಡುತ್ತಾರೆ. ಟವೆಲ್ ಈಗ ಬೀಳುವುದಿಲ್ಲ. ಮೊನ್ನೆ ಒಂದು ಗೇಮ್ ಗೆದ್ದರು! ನನ್ನ ಮೇಲೆಯೇ.

ಒಗಾವಾ ಸಾನ್ ಬೇಸಿಗೆ ಹಬ್ಬದ ಕೆಲಸದಲ್ಲಿ ಮುಳುಗಿದ್ದಾರೆ. ಹಾಗಾಗಿ ಈ ಸಲ ಪಾಂಡಾ ಅಂಟಿಸಿದ್ದು ನಾನೇ. ಕಿವಿ ಸ್ವಲ್ಪ ಸೊಟ್ಟಗಿದ್ದರೆ ಕ್ಷಮಿಸಿ.

ಅವಸರದಲ್ಲಿ
ಮಧುಕರ್

*

ಮೈಸೂರು
ಆಗಸ್ಟ್ 19, 2024

ಅಳಿಯಂದಿರಾದ ಮಧುಕರ್ ಅವರಿಗೆ,

ಈ ಕಾಗದವನ್ನು ಯಾವ ಮುಖ ಇಟ್ಟುಕೊಂಡು ಬರೆಯಲಿ ತಿಳಿಯುತ್ತಿಲ್ಲ.

ನಿಮ್ಮ ವಿಡಿಯೋ ಹಾಕಿದೆ. ಈ ಸಲ ಸದ್ದೂ ಇತ್ತು. ನೀಲಿ ಟೋಪಿಯವರು ಪಕ್ಕಕ್ಕೆ ಓಡಿದರು, ಬಂತು ಎಂದರು, ಪುಟೀತು ಎಂದರು, ಹೊಡಿ ಎಂದು ಹೊಡೆದರು. ಅಚ್ಚ ಕನ್ನಡ. ನೀವೇ ಕಲಿಸಿದ್ದೀರಿ ಎಂದುಕೊಂಡು ನನಗೆ ಹೆಮ್ಮೆಯೇ ಆಯಿತು. ಆಮೇಲೆ ಅವರು ಜಾರಿ ಕುಕ್ಕರಿಸಿ ಕೂತು, 'ಅಯ್ಯಯ್ಯೋ, ಸೊಂಟ ಹೋಯ್ತಲ್ಲಪ್ಪಾ!' ಎಂದರು. ಅದನ್ನು ನೀವು ಕಲಿಸಿರಲಾರಿರಿ. ಬಿಳಿ ಟೋಪಿಯವರು ಓಡಿಬಂದು ಜಪಾನಿಯಲ್ಲಿ ಏನೋ ಕೇಳಿ ಬಗ್ಗಿ ಬಗ್ಗಿ ನಮಸ್ಕರಿಸಿದರು. ನಿಮ್ಮ ಮಾವ ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ. ನನಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು.

ಹೊಟ್ಟೆ ಎಂದಿದ್ದೆ. ಅರವತ್ತೈದು ಎಂದಿದ್ದೆ. ಎಮ್ಮೆ ಎಂದಿದ್ದೆ! ಮಗಳ ಗಂಡನನ್ನು ಎಮ್ಮೆ ಎಂದ ಅತ್ತೆ ಮೈಸೂರು ಸೀಮೆಯಲ್ಲೇ ಇರಲಿಕ್ಕಿಲ್ಲ. ನೀವಾದರೂ ಒಂದು ಮಾತು ಹೇಳಬಾರದಿತ್ತೇ?

ನಗೆಪಾಟಲಾದದ್ದು ಇರಲಿ, ಅದನ್ನು ತಡೆದುಕೊಳ್ಳುತ್ತೇನೆ. ನನಗೆ ಭಯವಾಗಿರುವುದು ಬೇರೆಯದಕ್ಕೆ. ಯಾರೋ ಹೊರಗಿನವರನ್ನು ತಿದ್ದುತ್ತಿದ್ದೇನೆ, ಇದರಿಂದ ಯಾರಿಗೂ ನೋವಿಲ್ಲ ಎಂದು ಹಗುರವಾಗಿದ್ದೆ. ನೋಡಿದರೆ ಮತ್ತೆ ಮನೆಯವರನ್ನೇ ಅಂದಿದ್ದೇನೆ. ಒಮ್ಮೆ ಹೀಗೆ ಅಂದು ಮಗಳನ್ನು ಭಾನುವಾರದ ಫೋನಿನಷ್ಟು ದೂರ ಮಾಡಿಕೊಂಡೆ. ಇದು ಅವಳಿಗೆ ಗೊತ್ತಾದರೆ ಆ ಫೋನೂ ನಿಲ್ಲುತ್ತದೆ. ಇನ್ನು ನಾನು ವಿಡಿಯೋ ನೋಡುವುದಿಲ್ಲ, ಕಳಿಸಬೇಡಿ. ನಿಮ್ಮ ಆಟ ಚೆನ್ನಾಗಿದೆ.

ಸೊಂಟಕ್ಕೆ ಬಿಸಿನೀರಿನ ಶಾಖ ಕೊಡಿ.

ತಲೆತಗ್ಗಿಸಿರುವ
ವಿಶಾಲಾಕ್ಷಿ

*

ಉರಯಾಸು
ಸೆಪ್ಟೆಂಬರ್ 15, 2024

ಅತ್ತೆ,

ಈ ಸಲ ನಮಸ್ಕಾರ ಗಿಮಸ್ಕಾರ ಕೊನೆಗೆ. ಮೊದಲು ಸುದ್ದಿ. ಅಪರ್ಣಾಗೆ ಗೊತ್ತಾಗಿದೆ.

ನಾನು ಒಗ್ಗರಣೆ ಹಾಕುತ್ತಿದ್ದೆ. ಸೌಟು ಕೈಯಲ್ಲಿತ್ತು, ಸಾಸಿವೆ ಸಿಡಿಯುವುದನ್ನು ಕಾಯುತ್ತಿದ್ದೆ. ಅಭ್ಯಾಸಬಲ ನೋಡಿ, ಸೌಟು ಹಿಂದಕ್ಕೆ ತೆಗೆದು 'ಬಂತು, ಪುಟೀತು, ಹೊಡಿ' ಎಂದೆ. ಬೆನ್ನ ಹಿಂದೆ ಲೋಟ ಕುಕ್ಕಿದ ಸದ್ದಾಯಿತು.

"ಇದನ್ನ ಯಾರು ಹೇಳ್ಕೊಟ್ರು?"

"ಯೂಟ್ಯೂಬ್."

"ಯೂಟ್ಯೂಬಲ್ಲಿ ನಮ್ಮಮ್ಮ ಯಾವಾಗ ಬಂದ್ರು?"

ಎಲ್ಲ ಹೇಳಿಬಿಟ್ಟೆ. ಟೋಪಿ, ಪಾಂಡಾ, ಎಮ್ಮೆ ಎಲ್ಲ. ಎಮ್ಮೆಗೆ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಎದ್ದು ಬಾಲ್ಕನಿಗೆ ಹೋದಳು. ಆಮೇಲೆ ಕಸದ ಮಾತೂ ನಿಂತುಹೋಯಿತು. ಕೇಳಲು ಧೈರ್ಯವಿಲ್ಲದೆ ನಾನೇ ಅಂದಾಜಿನಲ್ಲಿ ಕಸ ಇಟ್ಟುಬಂದೆ. ತಪ್ಪು ದಿನ ಎಂದು ಚೀಟಿ ಅಂಟಿಸಿ ಅಲ್ಲೇ ಬಿಟ್ಟಿದ್ದರು.

ನಿನ್ನೆ ಶನಿವಾರ ಆಡುತ್ತಿದ್ದಾಗ ತಿರುಗಿ ನೋಡಿದರೆ ಬೇಲಿಯ ಆಚೆ ಅವಳು ನಿಂತಿದ್ದಳು. ಕೊನೆಯವರೆಗೂ ನಿಂತಿದ್ದಳು. ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು: "ಮೊಣಕೈ ಸರಿಯಾಗಿದೆ. ಸರ್ವ್ ನೋಡಕ್ಕಾಗಲ್ಲ." ಇದು ಕೋಪವೋ ಕ್ಷಮೆಯೋ ನನಗೆ ಗೊತ್ತಾಗಲಿಲ್ಲ. ನವೆಂಬರ್ ಪಂದ್ಯಕ್ಕೆ ಇಬ್ಬರ ಹೆಸರೂ ಕೊಟ್ಟಿದ್ದೇನೆ, ಅದನ್ನೂ ಹೇಳಿದೆ. ಅವಳು ಬರುತ್ತಾಳೋ ಇಲ್ಲವೋ, ನಾನು ಮಾತ್ರ ಹೋಗಿ ನಿಲ್ಲುತ್ತೇನೆ.

ಅತ್ತೆ, ನೀವು ಹೆದರಿದ್ದೀರಿ. ನಾನೊಂದು ಹೇಳಲೇ? ನನ್ನ ಜೀವನದಲ್ಲಿ ಯಾರೂ ನನ್ನ ಮೊಣಕೈಯನ್ನು ಇಷ್ಟು ಗಮನವಿಟ್ಟು ನೋಡಿರಲಿಲ್ಲ. ನಿಮ್ಮ ಬೈಗುಳ ಓದಿದ ಪ್ರತಿ ಸಲ ನಾನು ನಗುತ್ತಾ ಅಂಗಳಕ್ಕೆ ಹೋಗಿದ್ದೇನೆ. 'ನಿಮ್ಮ ಆಟ ಚೆನ್ನಾಗಿದೆ' ಎಂಬ ಒಂದು ಮಾತಿಗೆ ಮಾತ್ರ ಬೇಸರವಾಯಿತು.

ನಮಸ್ಕಾರಗಳು.
ನಿಮ್ಮ ನೀಲಿ ಟೋಪಿ

*

ಉರಯಾಸು
ನವೆಂಬರ್ 10, 2024

ಅಮ್ಮ,

ಮೊದಲು ಜಗಳ ಮುಗಿಸಿಬಿಡುತ್ತೇನೆ, ಆಮೇಲೆ ಉಳಿದದ್ದು.

ಆ ಫೈನಲ್ ಸೋತ ದಿನ ಬೆಂಗಳೂರಿನಿಂದ ಬಸ್ಸಿನಲ್ಲಿ ವಾಪಸು ಬಂದೆವಲ್ಲ. ರಾಮನಗರದಲ್ಲಿ ನೀನು ನನ್ನ ಸರ್ವಿನ ತಪ್ಪು ಹೇಳಲು ಶುರುಮಾಡಿದೆ. ಮದ್ದೂರು, ಮಂಡ್ಯ ಎಲ್ಲ ನನ್ನ ಬ್ಯಾಕ್‌ಹ್ಯಾಂಡ್. ಶ್ರೀರಂಗಪಟ್ಟಣದ ಸೇತುವೆ ಮೇಲೆ ಬಂದರೂ ಮುಗಿದಿರಲಿಲ್ಲ. ಬೆಳಿಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ ಅಮ್ಮ. ಎಲ್ಲ ತಪ್ಪೂ ನಿನಗೆ ಕಂಡಿತು, ಅದೊಂದು ಕಾಣಲಿಲ್ಲ. ನನಗೆ ಕೋಪ ಬಂದದ್ದು ಅದಕ್ಕೆ. ಇಷ್ಟು ವರ್ಷ ಇದನ್ನು ಹೇಳದೆ ಉಪ್ಪಿನಕಾಯಿ ಮಾತಾಡಿದ್ದೇನೆ. ಈಗ ಹೇಳಿದೆ, ಮುಗಿಯಿತು.

ಇವರು ನಿನ್ನ ಹತ್ತಿರ ಕಲಿಯುತ್ತಿದ್ದಾರೆ ಎಂದು ತಿಳಿದಾಗ ಮೈ ಉರಿದುಹೋಯಿತು. ನಾನು ಬಿಟ್ಟುಬಂದದ್ದನ್ನು ಹಿಂಬಾಗಿಲಿನಿಂದ ಮನೆಗೆ ತರುತ್ತಿದ್ದಾರೆ ಅನಿಸಿತು. ಆದರೂ ಬೇಲಿ ಹತ್ತಿರ ಹೋಗಿ ನಿಂತೆ. ಇವರ ಫೋರ್‌ಹ್ಯಾಂಡ್ ನಿನ್ನದೇ ಅಮ್ಮ, ಅಚ್ಚು ಒತ್ತಿದ ಹಾಗಿದೆ. ಆ ಹೊಟ್ಟೆಯ ಮೇಲೆ ನಿನ್ನ ಫೋರ್‌ಹ್ಯಾಂಡ್ ನೋಡಿ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಇವತ್ತು ಪಂದ್ಯವಿತ್ತು. ನಾನು ಹೋದೆ. ಆಡಲಿಕ್ಕಲ್ಲ, ಸುಮ್ಮನೆ ನೋಡಲಿಕ್ಕೆ ಎಂದುಕೊಂಡೇ ಹೋದೆ. ಇವರು ಅಂಗಳದಲ್ಲಿ ಒಬ್ಬರೇ ಎರಡು ರ‍್ಯಾಕೆಟ್ ಹಿಡಿದುಕೊಂಡು ನಿಂತಿದ್ದರು. ಅದನ್ನು ನೋಡಿ ಹೊರಗೆ ನಿಲ್ಲುವುದು ನನ್ನಿಂದ ಆಗಲಿಲ್ಲ.

ಎದುರಾಳಿಗಳು ಅಜ್ಜ ಅಜ್ಜಿ. ಪ್ರತಿ ಪಾಯಿಂಟಿಗೂ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ಹೇಳುತ್ತಲೇ ನಮ್ಮನ್ನು ಸದೆಬಡಿದರು. ಇಡೀ ಮೈದಾನದಲ್ಲಿ ಚೆಂಡಿನ ಸದ್ದು ಬಿಟ್ಟರೆ ಏನಿಲ್ಲ. ಇವರು ಒಂದು ಒಳ್ಳೆಯ ಫೋರ್‌ಹ್ಯಾಂಡ್ ಹೊಡೆದು, ಅದನ್ನು ನೋಡುತ್ತಾ ನಿಂತುಬಿಟ್ಟರು. ಆಗ ನನ್ನ ಗಂಟಲಿನಿಂದ ಒಂದು ಧ್ವನಿ ಬಂತು. "ಕಾಲು ಎತ್ರೀ! ಚೆಂಡಿಗೇನು ಮಂಗಳಾರತಿ ಮಾಡ್ತಿದೀರಾ?"

ನಾಲ್ಕು ಅಂಗಳದಲ್ಲೂ ಆಟ ನಿಂತಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಅಮ್ಮ, ಅದು ನನ್ನ ಧ್ವನಿಯೇ ಅಲ್ಲ. ನಿನ್ನದು. ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತದ್ದೂ ನಿನ್ನ ಹಾಗೇ. ನನಗೆ ಎಂಥ ನಗು ಬಂತೆಂದರೆ ಮುಂದಿನ ಎರಡು ಸರ್ವೂ ನೆಟ್ಟಿಗೆ ಹೋದವು. ಇವರನ್ನು ನೋಡಿದರೆ ಮುಖ ಊರಗಲ ಅರಳಿದೆ. ಹೆಂಡತಿ ಊರವರ ಮುಂದೆ ಕಿರುಚಿದ್ದಕ್ಕೆ ಅಷ್ಟು ಖುಷಿಪಟ್ಟ ಗಂಡಸನ್ನು ನಾನು ಕಂಡಿಲ್ಲ. ಒಗಾವಾ ಸಾನ್ ಬೇಲಿಯಾಚೆಯಿಂದ ಮೆಲ್ಲಗೆ ನನಗೇ 'ಡೊನ್‌ಮಾಯಿ' ಎಂದರು.

ಆರಕ್ಕೆ ಎರಡರಲ್ಲಿ ಸೋತೆವು. ಕೊಂಬಿನಿ ಎನ್ನುವ ಬೀದಿ ಅಂಗಡಿಯಲ್ಲಿ ಅನ್ನದ ಉಂಡೆ ತೆಗೆದುಕೊಂಡು ಹೊರಗೆ ನಿಂತು ತಿನ್ನುತ್ತಾ ಜಗಳ ಶುರುವಾಯಿತು. ನೀವು ಯಾಕೆ ನಿಂತ್ರಿ, ನೀನು ಯಾಕೆ ಮುಂದೆ ಹೋದೆ, ಆ ಚೆಂಡು ಯಾರದ್ದು. ಮನೆ ಮುಟ್ಟುವವರೆಗೂ ಜಗಳ. ಈಗಲೂ ಒಳಗಿನಿಂದ ಏನೋ ಹೇಳುತ್ತಿದ್ದಾರೆ. ಇಷ್ಟು ಮಾತಾಡಿ ಎಷ್ಟು ಕಾಲವಾಗಿತ್ತು!

ಕಿರುಚಿದ ಮೇಲೆ ನನಗೊಂದು ತಿಳಿಯಿತು. ಇವರು ಕೆಟ್ಟದಾಗಿ ಆಡುತ್ತಾರೆ ಎಂದು ನಾನು ಕಿರುಚಲಿಲ್ಲ. ಚೆನ್ನಾಗಿ ಆಡಬಲ್ಲರು ಎಂದು ಆ ಕ್ಷಣಕ್ಕೆ ಕಣ್ಣಿಗೆ ಕಂಡುಬಿಟ್ಟಿತು, ಅದು ಕೈತಪ್ಪಿ ಹೋಗುತ್ತಿದೆ ಎಂದು ಸಂಕಟವಾಯಿತು. ಆ ಬಸ್ಸಿನಲ್ಲಿ ನಿನಗೂ ಹೀಗೇ ಆಗಿತ್ತಾ?

ನನ್ನದೊಂದು ವಿಡಿಯೋ ಕಳಿಸುತ್ತಿದ್ದೇನೆ. ಗೋಡೆಗೆ ಹೊಡೆಯುತ್ತಿದ್ದೇನೆ, ನಾನೊಬ್ಬಳೇ. ಇಪ್ಪತ್ತು ವರ್ಷದ ತುಕ್ಕು ಹಿಡಿದಿದೆ. ಬೈಯಿ. ಆದರೆ ಒಂದು ಕರಾರು. ಬೈಯುವುದಕ್ಕೆ ಮುಂಚೆ ಊಟ ಆಯ್ತಾ ಅಂತ ಕೇಳಬೇಕು.

ಅಪ್ಪಿ

*

ಮೈಸೂರು
ನವೆಂಬರ್ 25, 2024

ಅಪ್ಪಿ,

ಊಟ ಆಯ್ತಾ? ಏನು ಮಾಡಿದ್ದೆ? ಸರಿಯಾಗಿ ತಿಂದೆಯಾ, ಇಲ್ಲ ನಿಂತುಕೊಂಡೇ ಮುಗಿಸಿದೆಯಾ?

ಆಗಿತ್ತು ಕಣೇ. ಬಸ್ಸಿನಲ್ಲಿ ನನಗೂ ಹಾಗೇ ಆಗಿತ್ತು. ನೀನು ಅಳದೆ ಕಿಟಕಿಯ ಕಡೆ ನೋಡುತ್ತಿದ್ದೆ. ನನಗೆ ನಿನ್ನನ್ನು ಹೇಗೆ ಸಮಾಧಾನ ಮಾಡಬೇಕೆಂದು ತಿಳಿಯಲಿಲ್ಲ. ಗೊತ್ತಿದ್ದದ್ದು ಟೆನಿಸ್ ಒಂದೇ, ಅದನ್ನೇ ಹೇಳುತ್ತಾ ಹೋದೆ. ಮದ್ದೂರಿನಲ್ಲಿ ಇಳಿಸಿ ಒಂದು ವಡೆ ಕೊಡಿಸಬೇಕಿತ್ತು.

ನಿನ್ನ ವಿಡಿಯೋ ಬಂದ ದಿನ ತಪ್ಪು ಹುಡುಕೋಣ ಎಂದು ಪೆನ್ನು ಹಿಡಿದು ಕೂತೆ. ಒಂದೂ ಕಾಣಲಿಲ್ಲ. ನೀನೇ ಕಾಣುತ್ತಿದ್ದೆ. ನಿಮ್ಮಪ್ಪ ಪಕ್ಕದಲ್ಲಿ ಕೂತು ನನ್ನ ಕನ್ನಡಕ ತೆಗೆದು ಒರೆಸಿ ಕೊಟ್ಟರು. ಮತ್ತೆ ನೋಡಿದೆ. ಮತ್ತೆ ಕನ್ನಡಕ ಒರೆಸಬೇಕಾಯಿತು. ಹೀಗೇ ಒಂದು ವಾರ ಕಳೆಯಿತು, ಅದಕ್ಕೇ ಕಾಗದ ತಡ.

ಇವತ್ತು ಬೆಳಿಗ್ಗೆ ಸರಿಯಾಗಿ ನೋಡಿದೆ. ಬ್ಯಾಕ್‌ಹ್ಯಾಂಡಿನಲ್ಲಿ ಭುಜ ಬೇಗ ತೆರೆದುಕೊಳ್ಳುತ್ತಿದೆ. ಬಲಗಾಲು ತಡ. ತಲೆ ಎತ್ತುತ್ತಿದ್ದೀಯ, ಚೆಂಡು ಎಲ್ಲಿಗೆ ಹೋಗುತ್ತದೆ ಎಂದು ಅಷ್ಟು ಕುತೂಹಲವೇ? ಸರ್ವ್ ಬಗ್ಗೆ ಹೇಳುವುದು ಬಹಳ ಇದೆ, ಹಾಳೆ ತಿರುಗಿಸು.

ಅಮ್ಮ